5 ಕಿಲೋ ಮಗು, 400 ಎಂಎಲ್ ರಕ್ತ

ಹುಟ್ಟಿನಿಂದಲೇ ಹೃದಯದ ತೊಂದರೆಯಿರುವ ಮಕ್ಕಳನ್ನು ಜಗಳೂರು, ಹೊನ್ನಾಳಿ ಕಡೆಯಿಂದ ದಾವಣಗೆರೆಗೆ ಕರೆತರುವವರು ಆಪರೇಷನ್ ಮಾತು ಬಂದ ಕೂಡಲೇ ಕೇಳುತ್ತಾರೆ: "ರಕ್ತ ಭಾಳ ಹೋಗ್ತತೇನ್ರೀ ಡಾಕ್ಟ್ರೇ?" ಅರಿವಳಿಕೆ ತಜ್ಞನಾದ ನಾನು ಮೊದಲು ಮಗುವಿನ ತೂಕ ನೋಡುತ್ತೇನೆ. ಕೂಸಿನ ಮೈಯಲ್ಲಿ ಕಿಲೋಗೆ ಸುಮಾರು 80 ಎಂಎಲ್ ರಕ್ತವಿರುತ್ತದೆ. 5 ಕಿಲೋ ಮಗುವಿಗೆ 400 ಎಂಎಲ್. ದೊಡ್ಡವರಿಗೆ ಲೆಕ್ಕಕ್ಕೇ ಬಾರದ 100 ಎಂಎಲ್ ಇಲ್ಲಿ ಕಾಲು ಭಾಗ.

ರಕ್ತನಾಳದಿಂದ ಹರಿಯುವ ರಕ್ತವನ್ನು ಹೊಲಿಗೆ ಹಾಕಿ ನಿಲ್ಲಿಸಬಹುದು. ಸತಾಯಿಸುವುದು ಎಲ್ಲ ಕಡೆಯಿಂದ ಜಿನುಗುವ ರಕ್ತ. ಆಪರೇಷನ್ ವೇಳೆ ಹೃದಯ, ಶ್ವಾಸಕೋಶದ ಕೆಲಸ ಮಾಡುವ ಹಾರ್ಟ್-ಲಂಗ್ ಮಷಿನ್‌ನ ಕೊಳವೆಗಳಲ್ಲಿ ತುಂಬಿಸುವ ದ್ರವವೇ ಕೂಸಿನ ಒಟ್ಟು ರಕ್ತಕ್ಕೆ ಹತ್ತಿರ ಬರುತ್ತದೆ. ಅದು ಬೆರೆತಾಗ ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್, ಅದೇ ಕೆಲಸದ ಪ್ರೋಟೀನ್ ಫೈಬ್ರಿನೋಜೆನ್ ಎರಡೂ ತೆಳುವಾಗುತ್ತವೆ. ಮೈ ನೀಲಿಗಟ್ಟುವ ಮಕ್ಕಳಲ್ಲಂತೂ ರಕ್ತ ಮಂದವಾಗಿದ್ದರೂ ಹೆಪ್ಪುಗಟ್ಟುವ ಶಕ್ತಿ ಮೊದಲೇ ಕುಂದಿರುತ್ತದೆ.

ಕಟ್ಟಿದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ಶುರುವಿನಲ್ಲೇ ಕೊಟ್ಟಿರುತ್ತೇವೆ. ಮಷಿನ್ ಬಿಡಿಸಿ, ಅದರೊಳಗೆ ರಕ್ತ ಹೆಪ್ಪುಗಟ್ಟದಂತೆ ಕೊಟ್ಟಿದ್ದ ಹೆಪಾರಿನ್ ಅಡಗಿಸಲು ಪ್ರೋಟಮಿನ್ ಕೊಟ್ಟ ಮೇಲೂ ಎದೆಯೊಳಗೆ ಹೆಪ್ಪು ಕಾಣಿಸದಿದ್ದರೆ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಅಳೆಯುವ ಎಸಿಟಿ ಪರೀಕ್ಷೆ ಮಾಡಿ, ಹೆಪಾರಿನ್ ಉಳಿದಿದೆಯೇ ನೋಡುತ್ತೇವೆ. ಮೈ ಬೆಚ್ಚಗಾಗಬೇಕು, ಕ್ಯಾಲ್ಸಿಯಂ ಸರಿಯಿರಬೇಕು. ಆಮೇಲೆ ಪ್ಲೇಟ್‌ಲೆಟ್, ಕಿಲೋಗೆ 10 ಎಂಎಲ್ ಲೆಕ್ಕದಲ್ಲಿ. ಫೈಬ್ರಿನೋಜೆನ್ ಕಡಿಮೆಯಿದ್ದರೆ, ರಕ್ತದ ದ್ರವ ಭಾಗವಾದ ಪ್ಲಾಸ್ಮಾದಿಂದ ತೆಗೆದ, ಫೈಬ್ರಿನೋಜೆನ್ ಹೆಚ್ಚಿರುವ ಕ್ರಯೋ. ಇದ್ದಬದ್ದದ್ದನ್ನೆಲ್ಲ ಒಟ್ಟಿಗೆ ಸುರಿಯುವುದನ್ನು ನಾನು ಒಪ್ಪುವುದಿಲ್ಲ. ಪ್ಲಾಸ್ಮಾ ಅತಿಯಾದರೆ ಆ ಪುಟ್ಟ ಹೃದಯ ತಾಳಲಾರದು, ಕೆಂಪು ಕಣ, ಪ್ಲೇಟ್‌ಲೆಟ್ ಮತ್ತೆ ತೆಳುವಾಗುತ್ತವೆ. ಹೆಪ್ಪುಗಟ್ಟಿಸುವ ಔಷಧ ಫ್ಯಾಕ್ಟರ್ 7 ಎಲ್ಲಕ್ಕಿಂತ ಕೊನೆಗೆ, ಏಕೆಂದರೆ ಬೇಡದ ಜಾಗದಲ್ಲೂ ಅದು ಹೆಪ್ಪುಗಟ್ಟಿಸಬಹುದು.

ಐಸಿಯುಗೆ ಬಂದ ಮೇಲೆ ಎದೆಯೊಳಗಿನ ರಕ್ತ ಹೊರತರುವ ಕೊಳವೆ, ಅಂದರೆ ಡ್ರೈನ್ ಮೇಲೆಯೇ ಕಣ್ಣು. ಒಂದು ಗಂಟೆಯಲ್ಲಿ ಕಿಲೋಗೆ 10 ಎಂಎಲ್ ದಾಟಿತೆಂದರೆ ಸರ್ಜನ್ ಬರಲೇಬೇಕು. ಹರಿಯುತ್ತಿದ್ದ ಡ್ರೈನ್ ಥಟ್ಟನೆ ನಿಂತು ಬಿಪಿ ಇಳಿದರೆ ನನಗೆ ಇನ್ನೂ ಹೆಚ್ಚು ಭಯ. ಕೊಳವೆ ಕಟ್ಟಿಕೊಂಡು ರಕ್ತ ಹೃದಯದ ಸುತ್ತ ತುಂಬುತ್ತಿರಬಹುದು. ಆಗ ಎದೆ ಮತ್ತೆ ತೆರೆಯಲು ತಡಮಾಡುವಂತಿಲ್ಲ.

"ನನ್ ರಕ್ತನೇ ತಗಳ್ರಿ ಸರ್" ಎಂದು ಅಪ್ಪಂದಿರು ತೋಳು ಚಾಚುತ್ತಾರೆ. ಆ ಪ್ರೀತಿ ದೊಡ್ಡದು. ಆದರೆ ರಕ್ತಸಂಬಂಧಿಗಳ ಬಿಳಿ ಕಣಗಳನ್ನು ಮಗುವಿನ ಮೈ ಗುರುತಿಸದೆ ಬಿಟ್ಟು, ಅವೇ ತಿರುಗಿಬೀಳುವ ಅಪಾಯವಿದೆ. ಅಪರೂಪ, ಆದರೆ ಜೀವಕ್ಕೇ ಕುತ್ತು. ಆ ಬಿಳಿ ಕಣಗಳನ್ನು ಅಡಗಿಸುವ ವಿಕಿರಣ ಹಾಯಿಸದೆ ಆ ರಕ್ತ ಕೊಡಬಾರದು. ಅಪ್ಪ ರಕ್ತನಿಧಿಗೆ ಕೊಡಲಿ, ಇನ್ನೊಬ್ಬರ ಮಗುವಿಗಾಗುತ್ತದೆ. ಪ್ಲೇಟ್‌ಲೆಟ್ ಇಡಲಾಗುವುದು 5 ದಿನ ಮಾತ್ರ, ಹಾಗಾಗಿ ದಾನಿಗಳು ಸದಾ ಬೇಕು.

ಮಗುವಿಗೆ ಆಸ್ಪಿರಿನ್ ಕೊಡುತ್ತಿದ್ದರೆ, ಮನೆಯಲ್ಲಿ ಯಾರಿಗಾದರೂ ಹಲ್ಲು ಕಿತ್ತಾಗ ರಕ್ತ ನಿಲ್ಲದೆ ಹೋಗಿದ್ದರೆ, ಮುಂಚೆಯೇ ನಮಗೆ ಹೇಳಿ. ಆಸ್ಪಿರಿನ್ ಮಾತ್ರ ನೀವಾಗಿ ನಿಲ್ಲಿಸಬೇಡಿ.