ಪದ ಪರಿಚಯ: ಕುಟುಂಬ ಚಿಕಿತ್ಸೆ

ಹಾಸನ, ಚಿಕ್ಕಮಗಳೂರು ಸೀಮೆಯ ಹಳೆಯ ತಲೆಮಾರಿನ ಗಂಡಸರು ಹೆಂಡತಿಯ ಹೆಸರು ಹಿಡಿಯದೆ 'ನಮ್ಮ ಕುಟುಂಬ' ಎನ್ನುವುದುಂಟು. 'ನಮ್ಮ ಕುಟುಂಬಕ್ಕೆ ಹುಷಾರಿಲ್ಲ' ಎಂದರೆ ಹೆಂಡತಿಗೆ ಕಾಯಿಲೆ ಎಂದೇ ಅರ್ಥ. ಹೀಗಿರುವಾಗ ವೈದ್ಯರು 'ಕುಟುಂಬ ಚಿಕಿತ್ಸೆ' ಎಂದರೆ, ಹೆಂಡತಿಯನ್ನು ಒಳಗೆ ಕಳಿಸಿ ತಾನು ಹೊರಗಿನ ಬೆಂಚಿನ ಮೇಲೆ ಕಾದರೆ ಸಾಕೆಂದು ಗಂಡ ತಿಳಿದರೆ ಆಶ್ಚರ್ಯವಿಲ್ಲ. ಪದದ ಅರ್ಥ ಅದಲ್ಲ. ಒಬ್ಬರ ಕಾಯಿಲೆಯ ಸುತ್ತ ಮನೆಮಂದಿಯ ನಡುವೆ ಬೆಳೆದ ಮಾತು, ಮೌನ, ಅನುಮಾನ ಮತ್ತು ಹೊರೆಗಳ ಹಂಚಿಕೆಯನ್ನೇ ಎದುರಿಗಿಟ್ಟುಕೊಂಡು, ತರಬೇತಿ ಪಡೆದ ಚಿಕಿತ್ಸಕರ ಸಮ್ಮುಖದಲ್ಲಿ ಎಲ್ಲರೂ ಕೂತು ಅವನ್ನು ಬದಲಿಸಿಕೊಳ್ಳುವ ಕ್ರಮಕ್ಕೆ ಕುಟುಂಬ ಚಿಕಿತ್ಸೆ ಎನ್ನುತ್ತಾರೆ.

ಈ ಕ್ರಮವನ್ನು 1950ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್ ಮೊದಲಾದವರು ರೂಪಿಸತೊಡಗಿದರು. ಅದೇ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಬಂಧುಗಳನ್ನು ಆವರಣದ ಡೇರೆಗಳಲ್ಲೇ ಉಳಿಸಿಕೊಂಡು ಆರೈಕೆಯಲ್ಲಿ ಪಾಲುಗೊಳಿಸಿದ್ದರು.

ಓಪಿಯಾಯ್ಡ್ ಬಿಡಲಾಗದೆ ಹೋದ ಹೆಣ್ಣುಮಕ್ಕಳಿಗೆ ಈ ಚಿಕಿತ್ಸೆ ಹೇಗೆ ನೆರವಾಗುತ್ತದೆಂದು ಇಲ್ಲಿ ನೋಡೋಣ. ಓಪಿಯಾಯ್ಡ್ ಎಂದರೆ ಅಫೀಮಿನಿಂದ ಬಂದ ಅಥವಾ ಅದರಂತೆಯೇ ಮಿದುಳಿನ ಮೇಲೆ ಕೆಲಸ ಮಾಡುವ ಪದಾರ್ಥ. ಹೆರಾಯಿನ್ ಮಾತ್ರವಲ್ಲ, ಕೆಲವು ಕೆಮ್ಮಿನ ಸಿರಪ್ಪುಗಳಲ್ಲಿರುವ ಕೊಡೀನ್, 2018ರಲ್ಲಿ ಎನ್‌ಡಿಪಿಎಸ್ (ಮಾದಕವಸ್ತು ನಿಯಂತ್ರಣ) ಕಾಯ್ದೆಯಡಿ ಬಂದ ನೋವಿನ ಔಷಧ ಟ್ರಮಡಾಲ್ ಕೂಡ ಇದೇ ಗುಂಪಿಗೆ ಸೇರುತ್ತವೆ. ಹೆಣ್ಣುಮಕ್ಕಳಲ್ಲಿ ಅವಲಂಬನೆ ಅನೇಕ ವೇಳೆ ನೋವಿಗೆಂದು ನುಂಗಿದ ಮಾತ್ರೆಯಿಂದ, ಇಲ್ಲವೇ ಅದನ್ನು ಬಳಸುವ ಸಂಗಾತಿಯಿಂದ ಆರಂಭವಾಗುತ್ತದೆ. 'ಚಟ' ಎಂಬ ಮಾತಿನಲ್ಲಿ ಆರೋಪವೂ ಸೇರಿರುವುದರಿಂದ ನಾನು ಇಲ್ಲಿ 'ಅವಲಂಬನೆ' ಎಂದೇ ಬರೆಯುತ್ತಿದ್ದೇನೆ. ಗಂಡಸು ಅವಲಂಬಿತನಾದರೆ ಜೊತೆಗೆ ಹೆಂಡತಿಯೋ ತಾಯಿಯೋ ಆಸ್ಪತ್ರೆಗೆ ಬರುತ್ತಾರೆ. ಹೆಂಗಸು ಅವಲಂಬಿತಳಾದರೆ ಅವಳನ್ನು ಕರೆತರುವವರೇ ಕಡಿಮೆ. ಮನೆಯವರನ್ನು ಒಳಗೊಳ್ಳುವ ಚಿಕಿತ್ಸೆ ಅವಳಿಗೆ ಹೆಚ್ಚು ಬೇಕಾಗುವುದು ಇದಕ್ಕಾಗಿ.

ಮೂಡಿಗೆರೆ ಕಡೆಯ ಕಾಫಿ ತೋಟದ ಕಾರ್ಮಿಕರ ಲೈನ್ ಮನೆಯೊಂದನ್ನು ಕಲ್ಪಿಸಿಕೊಳ್ಳೋಣ. ಹಣ್ಣು ಕೊಯ್ಲಿನ ದಿನಗಳಲ್ಲಿ ಸೊಂಟನೋವಿಗೆಂದು ಆರಂಭಿಸಿದ ಮಾತ್ರೆಯನ್ನು ಬಿಡಲಾಗದೆ ಹೋದ ಸೊಸೆ ಈಗ ಚಿಕಿತ್ಸೆಯಲ್ಲಿದ್ದಾಳೆ. ಬಟವಾಡೆಯ ಸಂಜೆ ಅತ್ತೆ ಅವಳ ಸೆರಗಿನ ಗಂಟು ಬಿಚ್ಚಿ ನೋಡುತ್ತಾರೆ, ಗಂಡ ಹಣ ಎಣಿಸುತ್ತಾನೆ, ಹತ್ತು ವರ್ಷದ ಮಗಳು ಒಲೆಯ ಮುಂದೆ ಕೂತು ತಮ್ಮನಿಗೆ ಅನ್ನ ಕಲಸುತ್ತಾಳೆ. ಚಿಕಿತ್ಸಕಿ ಆ ಸಂಜೆಯ ಬಗ್ಗೆ ಕೇಳಿದಾಗ ಅತ್ತೆ, 'ಕಾಯ್ಕೊಂಡು ಕೂರ್ದಿದ್ರೆ ಮತ್ತೆ ನುಂಗ್ತಾಳೆ ಅನ್ನೋ ಭಯ ಮೇಡಂ' ಎನ್ನುತ್ತಾರೆ. ಸೊಸೆ ತಲೆ ತಗ್ಗಿಸಿ, 'ಅತ್ತೆ ಗಂಟು ಬಿಚ್ಚಿದಾಗ್ಲೇ ನಂಗೆ ಮಾತ್ರೆ ಗ್ಯಾಪಕ ಬರೋದು' ಎನ್ನುತ್ತಾಳೆ. ಇಬ್ಬರ ಮಾತೂ ನಿಜ. ಪಂಚಾಯಿತಿಯಾಗಿದ್ದರೆ ಇಲ್ಲಿ ತೀರ್ಪು ಬರುತ್ತಿತ್ತು. ಚಿಕಿತ್ಸೆಯಲ್ಲಿ ಬರುವುದು ಒಪ್ಪಂದ: ಅವಳು ದಿನವೂ ಗೊತ್ತಾದ ಹೊತ್ತಿಗೆ ಗಂಡನ ಎದುರು ವೈದ್ಯರು ಬರೆದ ಔಷಧ ತೆಗೆದುಕೊಳ್ಳುವುದು, ಅವನು ಅದಕ್ಕೊಂದು ಒಳ್ಳೆಯ ಮಾತು ಹೇಳುವುದು, ಅದರಾಚೆಗೆ ಯಾರೂ ತಪಾಸಣೆ ಮಾಡದಿರುವುದು, ಹಳೆಯದನ್ನು ಮನೆಯಲ್ಲಿ ಎತ್ತದೆ ಚಿಕಿತ್ಸಕಿಯ ಮುಂದೆ ಮಾತ್ರ ಆಡುವುದು. ತಾಯಿಯ ಕೆಲಸವನ್ನು ಹೊತ್ತಿದ್ದ ಮಗಳ ಕೈಯಿಂದ ಆ ತಟ್ಟೆಯನ್ನು ಮತ್ತೆ ತಾಯಿಯ ಕೈಗೆ ಕೊಡಿಸುವುದೂ ಇದರ ಭಾಗವೇ. ನನ್ನ ತಿಳಿವಳಿಕೆಯಲ್ಲಿ ಪದದ ಪೂರ್ಣ ಅರ್ಥ ತೆರೆದುಕೊಳ್ಳುವುದು ಇಂಥ ಸಣ್ಣ ಬದಲಾವಣೆಗಳಲ್ಲಿ.

ಆ ಔಷಧದ ಬಗ್ಗೆಯೂ ಮನೆಯವರಿಗೆ ತಿಳಿಸಬೇಕಾಗುತ್ತದೆ. ನಾಲಿಗೆಯ ಕೆಳಗಿಟ್ಟು ಕರಗಿಸುವ ಬುಪ್ರಿನಾರ್ಫಿನ್ ಸಹ ಓಪಿಯಾಯ್ಡ್ ಆಗಿರುವುದರಿಂದ, 'ಒಂದು ಬಿಡಿಸಿ ಇನ್ನೊಂದು ಹಿಡಿಸಿದರು' ಎಂದು ಅದನ್ನು ನಿಲ್ಲಿಸಲು ಒತ್ತಾಯಿಸುವವರಿದ್ದಾರೆ. ವೈದ್ಯರ ನಿಗಾದಲ್ಲಿ ಅದು ಹಂಬಲವನ್ನು ತಗ್ಗಿಸಿ ದಿನಚರಿಯನ್ನು ನೆಲೆಗೊಳಿಸುತ್ತದೆ. ಅದನ್ನು ಬಿಟ್ಟ ಮೇಲೆ ದೇಹದ ತಾಳಿಕೆ ಕುಗ್ಗಿರುತ್ತದೆಯಾದ್ದರಿಂದ, ಮರಳಿ ಹಳೆಯ ಪ್ರಮಾಣದಲ್ಲಿ ಮಾದಕವಸ್ತು ತೆಗೆದುಕೊಂಡರೆ ಉಸಿರೇ ನಿಲ್ಲಬಹುದು. ಬಸುರಿಯಾಗಿದ್ದಾಗ ಓಪಿಯಾಯ್ಡನ್ನು ಥಟ್ಟನೆ ನಿಲ್ಲಿಸುವುದರಿಂದ ಹೊಟ್ಟೆಯಲ್ಲಿರುವ ಕೂಸಿಗೂ ಅಪಾಯ.

ಹೊಡೆಯುವ ಗಂಡನನ್ನು, ಅಥವಾ ಮಾದಕವಸ್ತು ತಂದುಕೊಡುವವನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡೆನ್ನುವುದು ಚಿಕಿತ್ಸೆಯಲ್ಲ. ಅಲ್ಲಿ ಅವಳ ಸುರಕ್ಷತೆ ಮೊದಲು, ಮಾತು ಅವಳೊಬ್ಬಳೊಂದಿಗೆ. ಕುಟುಂಬವೆಂದರೆ ಗಂಡನ ಮನೆಯೇ ಆಗಬೇಕೆಂದಿಲ್ಲ; ತವರಿನ ಅಣ್ಣ, ಚಿಕ್ಕಮ್ಮ, ಪಕ್ಕದ ಲೈನಿನ ಗೆಳತಿ, ಅವಳು ನಂಬಿ ಹೆಸರಿಸಿದ ಯಾರಾದರೂ ಆಗಬಹುದು.

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ವ್ಯಾಖ್ಯೆಯಲ್ಲಿ ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಸೇರಿವೆ. ಆಸ್ಪತ್ರೆಯಲ್ಲಿ ಉಳಿದು ಚಿಕಿತ್ಸೆ ಪಡೆಯುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದೆಂದು ಅದೇ ಕಾಯ್ದೆ ಹೇಳುತ್ತದೆ. ಮಗುವಿನ ಚಿಂತೆಯಿಂದ ಆಸ್ಪತ್ರೆಗೆ ಹೋಗಲು ಹಿಂಜರಿಯುವವರಿಗೆ ಇದು ತಿಳಿದಿರಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್ಕಿನಲ್ಲಿ ಮನೋವೈದ್ಯರನ್ನು ಕಾಣಬಹುದು. ಮನೆಯಿಂದಲೇ ಕೇಳುವುದಾದರೆ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446 ಇದೆ.