ಟೈಮೌಟ್ ಆಯಿತು, ಆದರೆ ಕೆಲಸ ನಿಂತಿತಾ?

ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಒಂದು ಸರ್ವಿಸ್ ಲೋಡ್ ಜಾಸ್ತಿಯಾದಾಗಲೆಲ್ಲ ಸ್ತಬ್ಧವಾಗುತ್ತಿತ್ತು. ಪೈಥಾನ್‌ನಲ್ಲಿ ಬರೆದದ್ದು. ದೊಡ್ಡ ಫೈಲ್‌ಗಳನ್ನು ಓದಿ ರಿಪೋರ್ಟ್ ಮಾಡುವ ಕೆಲಸ. ಸಿಪಿಯು ತುಂಬಾ ಬೇಡುತ್ತದೆ ಅಂತ ಅದನ್ನು 4 ವರ್ಕರ್‌ಗಳ ಪ್ರೊಸೆಸ್ ಪೂಲ್‌ಗೆ (ಕೆಲಸಕ್ಕೆ ಸಿದ್ಧವಾಗಿಟ್ಟ ಬೇರೆ ಪ್ರೊಸೆಸ್‌ಗಳ ಗುಂಪು) ಕಳಿಸುತ್ತಿದ್ದೆವು. 10 ಸೆಕೆಂಡಲ್ಲಿ ಮುಗಿಯದಿದ್ದರೆ ಟೈಮೌಟ್, ಆಮೇಲೆ ಮತ್ತೊಂದು ಪ್ರಯತ್ನ. ಲಾಗ್‌ನಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತಿತ್ತು. ಪ್ರೊಸೆಸ್‌ಗಳ ಪಟ್ಟಿ ತೆಗೆದು ನೋಡಿದಾಗ ಗೊತ್ತಾಯಿತು: ನಾವು ಕ್ಯಾನ್ಸಲ್ ಮಾಡಿದೆವು ಅಂದುಕೊಂಡ ಕೆಲಸಗಳೆಲ್ಲ ಇನ್ನೂ ಓಡುತ್ತಿದ್ದವು. ನಾಲ್ಕೂ ವರ್ಕರ್‌ಗಳು ಹಳೆಯ ಕೆಲಸದಲ್ಲೇ ಮುಳುಗಿದ್ದವು, ಹೊಸದು ಸಾಲಿನಲ್ಲಿ ಕಾಯುತ್ತಿತ್ತು.

ಕ್ಯಾನ್ಸಲ್ ಆಗಿದ್ದು ನಮ್ಮ ಕಾಯುವಿಕೆ ಮಾತ್ರ, ಕೆಲಸ ಅಲ್ಲ. ಪೈಥಾನ್‌ನ ಪ್ರೊಸೆಸ್ ಪೂಲ್‌ನಲ್ಲಿ ಒಮ್ಮೆ ಓಡಲು ಶುರುವಾದ ಕೆಲಸವನ್ನು ಫ್ಯೂಚರ್‌ನ (ಮುಂದೆ ಬರುವ ಫಲಿತಾಂಶಕ್ಕಾಗಿ ನಮ್ಮ ಕೈಗೆ ಸಿಗುವ ಚೀಟಿ) ಕ್ಯಾನ್ಸಲ್ ನಿಲ್ಲಿಸುವುದಿಲ್ಲ. ಇದು ಬಗ್ ಅಲ್ಲ, ಅದು ಇರುವುದೇ ಹಾಗೆ.

ಒಟ್ಟೊಟ್ಟಿಗೆ ಓಡುವ ಕೆಲಸಗಳನ್ನು ಅಂಕೆಯಲ್ಲಿಡುವ ಸ್ಟ್ರಕ್ಚರ್ಡ್ ಕನ್‌ಕರೆನ್ಸಿ ಅನ್ನುವ ವಿಚಾರ ನನಗೆ ನಿಜವಾಗಿ ಅರ್ಥವಾಗಿದ್ದು ಆ ದಿನ. 2016ರಲ್ಲಿ ಪ್ರೋಗ್ರಾಮರ್ ಮಾರ್ಟಿನ್ ಸುಸ್ಟ್ರಿಕ್ ಈ ಹೆಸರನ್ನು ಬಳಕೆಗೆ ತಂದರು. 2018ರಲ್ಲಿ ಪೈಥಾನ್‌ನ ಟ್ರಯೋ ಲೈಬ್ರರಿಯ ನಥಾನಿಯಲ್ ಸ್ಮಿತ್ ಅದನ್ನು ಬಿಡಿಸಿ ಹೇಳಿದರು. 2022ರ ಪೈಥಾನ್ 3.11ರಲ್ಲಿ ಟಾಸ್ಕ್‌ಗ್ರೂಪ್ ಆಗಿ ಅದು ಭಾಷೆಯ ಜೊತೆಗೇ ಬಂತು. ನಿಯಮ ಒಂದೇ: ಒಂದು ಬ್ಲಾಕ್‌ನಲ್ಲಿ ಹುಟ್ಟಿದ ಕೆಲಸ ಮುಗಿಯುವ ತನಕ ಆ ಬ್ಲಾಕ್ ಮುಗಿಯುವಂತಿಲ್ಲ. ಒಂದು ಕೆಟ್ಟರೆ ಉಳಿದವು ಕ್ಯಾನ್ಸಲ್ ಆಗಬೇಕು, ಎರರ್ ಮೇಲಕ್ಕೆ ಬರಬೇಕು.

ಒಂದೇ ಪ್ರೊಸೆಸ್ ಒಳಗೆ ಇದು ಸುಲಭ. ಕ್ಯಾನ್ಸಲ್ ಅಂದರೆ ಅವೇಟ್ ಇರುವ, ಅಂದರೆ ಕೋಡ್ ಬೇರೊಂದಕ್ಕಾಗಿ ಕಾಯುವ, ಜಾಗದಲ್ಲಿ ಏಳುವ ಒಂದು ಎಕ್ಸೆಪ್ಷನ್ (ಎರರ್ ಸೂಚನೆ), ಅಷ್ಟೆ. ಆದರೆ ಎಕ್ಸೆಪ್ಷನ್ ಪ್ರೊಸೆಸ್‌ನ ಗೋಡೆ ದಾಟುವುದಿಲ್ಲ. ಬೇರೆ ಪ್ರೊಸೆಸ್‌ನಲ್ಲಿ ಅಸಿಂಕ್ ಫಂಕ್ಷನ್ (ಹೀಗೆ ಮಧ್ಯೆ ಕಾಯಬಲ್ಲ ಫಂಕ್ಷನ್) ಓಡಿಸುವುದಾದರೆ ಆ ದಾರಿಯನ್ನು ನಾವೇ ಕಟ್ಟಬೇಕು.

ಕಳಿಸುವುದು ದೊಡ್ಡ ವಿಷಯವಲ್ಲ. ಓಡುತ್ತಿರುವ ಕೊರೂಟೀನ್ ಅನ್ನು (ಶುರುವಾದ ಅಸಿಂಕ್ ಫಂಕ್ಷನ್) ಪಿಕಲ್ ಮಾಡಲು, ಅಂದರೆ ಕಳಿಸಬಲ್ಲ ಬೈಟ್‌ಗಳಾಗಿಸಲು, ಆಗುವುದಿಲ್ಲ. ಫಂಕ್ಷನ್ ಯಾವುದು, ಅದರ ಆರ್ಗ್ಯುಮೆಂಟ್‌ಗಳೇನು ಅನ್ನುವುದಷ್ಟೇ ಹೋಗುತ್ತದೆ. ಚೈಲ್ಡ್ (ಕೆಲಸ ಮಾಡುವ ಆ ಪ್ರೊಸೆಸ್; ಅದನ್ನು ಹುಟ್ಟಿಸಿದ್ದು ಪೇರೆಂಟ್) ತನ್ನದೇ ಇವೆಂಟ್ ಲೂಪ್ (ಅಸಿಂಕ್ ಕೆಲಸಗಳಿಗೆ ಸರದಿ ಕೊಡುವ ಲೂಪ್) ಶುರುಮಾಡಿ ಆ ಫಂಕ್ಷನ್ ಅನ್ನು ಓಡಿಸುತ್ತದೆ. ಹೆಸರಿಲ್ಲದ ಫಂಕ್ಷನ್ ಆದ ಲ್ಯಾಂಬ್ಡಾ ಕಳಿಸಲು ಹೋಗಬೇಡಿ, ಅದು ಪಿಕಲ್ ಆಗುವುದಿಲ್ಲ. ಡೇಟಾಬೇಸ್ ಕನೆಕ್ಷನ್ ಬೇಕಿದ್ದರೆ ಚೈಲ್ಡ್ ಒಳಗೇ ತೆರೆಯಿರಿ.

ಕಷ್ಟವಿರುವುದು ನಿಲ್ಲಿಸುವುದರಲ್ಲಿ. ನಾನು ಮಾಡುವ ಕ್ರಮ ಹೀಗಿದೆ. ಪೇರೆಂಟ್‌ನಲ್ಲಿ ಕ್ಯಾನ್ಸಲ್ ಬಂದ ಕೂಡಲೇ ಚೈಲ್ಡ್‌ಗೆ ಸಿಗ್‌ಟರ್ಮ್ (ನಿಲ್ಲು ಅಂತ ಕೇಳುವ ಸಿಗ್ನಲ್) ಹೋಗುತ್ತದೆ. ಚೈಲ್ಡ್‌ನ ಇವೆಂಟ್ ಲೂಪ್‌ಗೆ ಸೇರಿಸಿಟ್ಟ ಹ್ಯಾಂಡ್ಲರ್ ಅದನ್ನು ಹಿಡಿದು ತನ್ನ ಮುಖ್ಯ ಟಾಸ್ಕ್ ಅನ್ನು ಕ್ಯಾನ್ಸಲ್ ಮಾಡುತ್ತದೆ. ಹಾಗಾಗಿ ಕೊನೆಯಲ್ಲಿ ಶುಚಿಗೊಳಿಸುವ ಫೈನಲಿ ಬ್ಲಾಕ್‌ಗಳು ಓಡುತ್ತವೆ, ಅರ್ಧ ಬರೆದ ಫೈಲ್ ಅಳಿಸಿಹೋಗುತ್ತದೆ. ಪೇರೆಂಟ್ 5 ಸೆಕೆಂಡ್ ಕಾಯುತ್ತದೆ. ಅಷ್ಟರಲ್ಲಿ ಮುಗಿಯದಿದ್ದರೆ ಸಿಗ್‌ಕಿಲ್, ಅಂದರೆ ಕೊಲ್ಲುವ ಸಿಗ್ನಲ್. ಅದನ್ನು ಯಾವ ಪ್ರೊಸೆಸ್ಸೂ ಹಿಡಿದು ತಡೆಯಲಾರದು.

ಸಿಗ್‌ಟರ್ಮ್ ಒಂದೇ ಸಾಕಲ್ವಾ ಅಂತ ಕೇಳುತ್ತಾರೆ. ಸಾಲದು. ಚೈಲ್ಡ್ ಅವೇಟ್ ಇಲ್ಲದ ಉದ್ದನೆಯ ಲೆಕ್ಕದಲ್ಲಿದ್ದರೆ ಅದರ ಲೂಪ್ ತಿರುಗುವುದೇ ಇಲ್ಲ, ಹ್ಯಾಂಡ್ಲರ್‌ಗೆ ಸರದಿ ಬರುವುದೇ ಇಲ್ಲ. ನಾವು ಬೇರೆ ಪ್ರೊಸೆಸ್ ಬಳಸುವುದೇ ಅಂಥ ಲೆಕ್ಕಗಳಿಗೆ.

ಇನ್ನೊಂದು ಎಚ್ಚರ. ಚೈಲ್ಡ್ ಸಾಯುವುದನ್ನು ಕಾಯುವ ಆ ಕೋಡ್ ಮಾತ್ರ ಇನ್ನೊಂದು ಕ್ಯಾನ್ಸಲ್‌ಗೆ ಒಳಗಾಗಬಾರದು, ಅದಕ್ಕೆ ಶೀಲ್ಡ್ ಹಾಕಬೇಕು. ಇಲ್ಲದಿದ್ದರೆ ಎರಡನೇ ಕ್ಯಾನ್ಸಲ್ ಬಂದಾಗ ಚೈಲ್ಡ್ ಬದುಕಿರುವಾಗಲೇ ಬ್ಲಾಕ್‌ನಿಂದ ಹೊರಗೆ ಬಂದುಬಿಡುತ್ತೇವೆ. ಈ ತಪ್ಪನ್ನು ನಾನು ರಿವ್ಯೂಗಳಲ್ಲಿ ಪದೇ ಪದೇ ನೋಡಿದ್ದೇನೆ.

ಕಂಟ್ರೋಲ್-ಸಿ ಒತ್ತಿದಾಗ ಟರ್ಮಿನಲ್ ಸಿಗ್‌ಇಂಟ್ (ನಡುವೆ ತಡೆಯುವ ಸಿಗ್ನಲ್) ಅನ್ನು ಅಲ್ಲಿ ಓಡುತ್ತಿರುವ ಗುಂಪಿನ ಎಲ್ಲ ಪ್ರೊಸೆಸ್‌ಗೂ ಕಳಿಸುತ್ತದೆ. ಪೇರೆಂಟ್ ಮತ್ತು ಚೈಲ್ಡ್ ಎರಡೂ ಒಟ್ಟಿಗೆ ನಿಲ್ಲಲು ಹೋಗಿ ಗೊಂದಲವಾಗುತ್ತದೆ. ಚೈಲ್ಡ್ ಅದನ್ನು ಕಡೆಗಣಿಸಲಿ, ತೀರ್ಮಾನ ಪೇರೆಂಟ್‌ನದೇ ಇರಲಿ.

ಎರರ್ ವಾಪಸ್ ಬರುವುದೂ ಪಿಕಲ್ ಮೂಲಕವೇ. ಟ್ರೇಸ್‌ಬ್ಯಾಕ್ ಅದರ ಜೊತೆ ಬರುವುದಿಲ್ಲ. ಚೈಲ್ಡ್‌ನಲ್ಲೇ ಅದನ್ನು ಪಠ್ಯವಾಗಿ ಮಾಡಿ ಕಳಿಸಿ. ಸುಮ್ನೆ ಬಿಟ್ಟರೆ ಯಾವ ಸಾಲಿನಲ್ಲಿ ಕೆಟ್ಟಿತು ಅಂತ ಹುಡುಕುವುದರಲ್ಲೇ ದಿನ ಹೋಗುತ್ತದೆ. ಮೆಮೊರಿ ಸಾಲದೆ ಆಪರೇಟಿಂಗ್ ಸಿಸ್ಟಮ್‌ನ ಕರ್ನಲ್ಲೇ ಚೈಲ್ಡ್ ಅನ್ನು ಕೊಂದರೆ ಯಾವ ಎಕ್ಸೆಪ್ಷನ್ನೂ ಬರುವುದಿಲ್ಲ, ಎಕ್ಸಿಟ್ ಕೋಡ್ -9 (ಸಿಗ್‌ಕಿಲ್‌ನಿಂದ ಸತ್ತಿತು ಅಂತ ಅರ್ಥ) ಮಾತ್ರ ಸಿಗುತ್ತದೆ. ಅದನ್ನು ಎರರ್ ಆಗಿ ಬದಲಾಯಿಸಿ ಮೇಲಕ್ಕೆ ಕೊಡುವುದು ನಮ್ಮ ಕೆಲಸ.

ಉಳಿದದ್ದು ಪೇರೆಂಟ್ ತಾನೇ ಹಠಾತ್ತಾಗಿ ಸತ್ತರೆ ಏನು ಅನ್ನುವುದು. ಆಗ ಶೀಲ್ಡ್ ಇಲ್ಲ, ಫೈನಲಿ ಇಲ್ಲ. ಚೈಲ್ಡ್ ಅನಾಥವಾಗಿ ಓಡುತ್ತಲೇ ಇರುತ್ತದೆ. ಇದಕ್ಕೆ ನಾನು ಒಂದು ಪೈಪ್ (ಎರಡು ಪ್ರೊಸೆಸ್‌ಗಳ ನಡುವಿನ ಡೇಟಾ ಕೊಳವೆ) ಇಡುತ್ತೇನೆ. ಬರೆಯುವ ತುದಿ ಪೇರೆಂಟ್ ಬಳಿ, ಓದುವ ತುದಿ ಚೈಲ್ಡ್ ಬಳಿ. ಅದರಲ್ಲಿ ಏನನ್ನೂ ಬರೆಯುವುದಿಲ್ಲ. ಪೇರೆಂಟ್ ಹೇಗೇ ಸತ್ತರೂ ಕರ್ನಲ್ ಅದರ ತುದಿಯನ್ನು ಮುಚ್ಚುತ್ತದೆ. ಚೈಲ್ಡ್‌ನಲ್ಲಿ ಕಾಯುತ್ತಿರುವ ಒಂದು ಥ್ರೆಡ್‌ಗೆ ಫೈಲ್ ಮುಗಿಯಿತು ಅನ್ನುವ ಸೂಚನೆ ಸಿಗುತ್ತದೆ, ಅದು ಪ್ರೊಸೆಸ್ಸನ್ನೇ ಮುಗಿಸುತ್ತದೆ.

ಇದಕ್ಕೊಂದು ಟೆಸ್ಟ್ ಬರೆದೆ: ಕೆಲಸದ ಮಧ್ಯೆ ಪೇರೆಂಟ್‌ಗೆ ಸಿಗ್‌ಕಿಲ್ ಕೊಡುವುದು, 2 ಸೆಕೆಂಡ್ ಬಿಟ್ಟು ಚೈಲ್ಡ್ ಇದೆಯಾ ಅಂತ ನೋಡುವುದು. ಮೊದಲ ಸಲ ಫೇಲ್ ಆಯಿತು. ನಾವು ಲಿನಕ್ಸ್‌ನಲ್ಲಿ ಫೋರ್ಕ್ (ಪೇರೆಂಟ್‌ನ ನಕಲಾಗಿ ಚೈಲ್ಡ್ ಹುಟ್ಟಿಸುವ ವಿಧಾನ) ಬಳಸುತ್ತಿದ್ದೆವು. ಪೈಥಾನ್ 3.14ರಲ್ಲಿ ಫೋರ್ಕ್‌ಸರ್ವರ್ ಅನ್ನುವ ಇನ್ನೊಂದು ವಿಧಾನಕ್ಕೆ ಬದಲಾಗುವವರೆಗೆ ಅಲ್ಲಿ ಅದೇ ಡೀಫಾಲ್ಟ್ ಆಗಿತ್ತು. ಫೋರ್ಕ್ ಮಾಡಿದಾಗ ಬರೆಯುವ ತುದಿಯ ಒಂದು ನಕಲು ಚೈಲ್ಡ್ ಕೈಗೂ ಬಂದಿತ್ತು. ಪೇರೆಂಟ್ ಹೋದರೂ ಪೈಪ್ ಮುಚ್ಚಲಿಲ್ಲ, ಏಕೆಂದರೆ ಅದನ್ನು ತೆರೆದಿಟ್ಟಿದ್ದು ಚೈಲ್ಡೇ. ಸ್ಪಾನ್‌ಗೆ, ಅಂದರೆ ಚೈಲ್ಡ್ ಅನ್ನು ಹೊಸದಾಗಿಯೇ ಶುರುಮಾಡುವ ವಿಧಾನಕ್ಕೆ, ಬದಲಾಯಿಸಿದೆವು. ಪ್ರೊಸೆಸ್ ಶುರುವಾಗುವುದು ಸ್ವಲ್ಪ ನಿಧಾನವಾಯಿತು, ಟೆಸ್ಟ್ ಪಾಸ್ ಆಯಿತು.