ಅದೇ ಲೆನ್ಸ್, ಅದೇ ಸಿಸಿಡಿ: ಹಾಗಾದರೆ ಪ್ರೊಫೆಷನಲ್ ಕ್ಯಾಮೆರಾ ಯಾವುದು?

ಪ್ರೊಫೆಷನಲ್ ವಿಡಿಯೋ ಕ್ಯಾಮೆರಾ ಅಂದ ಕೂಡಲೇ ನಮ್ಮ ಮನಸ್ಸು ಚಿತ್ರದ ಕಡೆಗೇ ಹೋಗುತ್ತದೆ, ಅಲ್ವಾ? ಚಿತ್ರ ಬಿಟ್ಟು ಉಳಿದದ್ದನ್ನು ನೋಡಬೇಕಾದರೆ ಸೋನಿಯ ಹಳೆಯ ಕ್ಯಾಮೆರಾ ಜೋಡಿಯೊಂದನ್ನು ಗಮನಿಸಿ. 2000ದಲ್ಲಿ ಬಂದ ವಿಎಕ್ಸ್2000 ಮತ್ತು ಪಿಡಿ150. ಮೊದಲನೆಯದು ಮನೆಯವರಿಗೆ, ಎರಡನೆಯದು ಇದನ್ನೇ ಕಸುಬು ಮಾಡಿಕೊಂಡವರಿಗೆ. ಎರಡಕ್ಕೂ ಅದೇ 12 ಪಟ್ಟು ಜೂಮ್ ಲೆನ್ಸ್, ಅದೇ 1/3 ಇಂಚಿನ ಮೂರು ಸಿಸಿಡಿ (ಬೆಳಕನ್ನು ಚಿತ್ರವಾಗಿಸುವ ಚಿಪ್). ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್, ಬೆಳಕು ಜಾಸ್ತಿಯಾದ ಜಾಗವನ್ನು ಪಟ್ಟೆ ಎಳೆದು ತೋರಿಸುವ ಜೀಬ್ರಾ ಎರಡರಲ್ಲೂ ಇವೆ. ಆದರೂ ಪಿಡಿ150ಕ್ಕೆ ಬೆಲೆ ಜಾಸ್ತಿಯಿತ್ತು.

ಟೇಪ್

ವಿಎಕ್ಸ್2000 ಡಿವಿ ಅನ್ನುವ ಟೇಪ್ ಫಾರ್ಮ್ಯಾಟ್‌ನಲ್ಲಿ ಮಾತ್ರ ರೆಕಾರ್ಡ್ ಮಾಡುತ್ತದೆ. ಪಿಡಿ150 ಡಿವಿಕ್ಯಾಮ್ ಅನ್ನುವ ಇನ್ನೊಂದು ಫಾರ್ಮ್ಯಾಟ್‌ನಲ್ಲೂ ಮಾಡುತ್ತದೆ. ಚಿತ್ರದ ಡೇಟಾ ಎರಡರಲ್ಲೂ ಸೆಕೆಂಡಿಗೆ 25 ಮೆಗಾಬಿಟ್, ಏನೂ ವ್ಯತ್ಯಾಸವಿಲ್ಲ. ಆದರೆ ಟೇಪಿನ ಮೇಲೆ ಡಿವಿ ಟ್ರ್ಯಾಕ್ 10 ಮೈಕ್ರಾನ್ ಅಗಲ, ಡಿವಿಕ್ಯಾಮ್‌ನದು 15. ಅಗಲ ಜಾಸ್ತಿಯಾದಷ್ಟೂ ಧೂಳಿಗೆ, ಗೀರಿಗೆ ಚಿತ್ರ ಹಾಳಾಗುವುದು ಕಡಿಮೆ. ಆದರೆ ಡಿವಿಕ್ಯಾಮ್‌ನಲ್ಲಿ 60 ನಿಮಿಷದ ಟೇಪ್ 40 ನಿಮಿಷಕ್ಕೇ ಮುಗಿಯುತ್ತದೆ, ಅದು ಅದರ ಬೆಲೆ.

ಪಿಡಿ150ರಲ್ಲಿ ಟೈಮ್‌ಕೋಡ್ (ಪ್ರತಿ ಫ್ರೇಮಿಗೂ ಬೀಳುವ ಗಂಟೆ, ನಿಮಿಷದ ಗುರುತು) ಅನ್ನೂ ನಾವೇ ಸೆಟ್ ಮಾಡಬಹುದು. ಮೊದಲ ಟೇಪ್ 01 ಗಂಟೆಯಿಂದ, ಎರಡನೆಯದು 02ರಿಂದ ಶುರುವಾಗಲಿ ಅಂತ ಕೊಟ್ಟರೆ ಎಡಿಟಿಂಗ್‌ನಲ್ಲಿ ಯಾವ ಶಾಟ್ ಯಾವ ಟೇಪಿನದು ಅಂತ ಗೊಂದಲವಿಲ್ಲ.

ಎಕ್ಸ್‌ಎಲ್‌ಆರ್ (ಇಲ್ಲೇ ತಲೆ ಕೆಡುವುದು)

ವಿಎಕ್ಸ್2000ಕ್ಕೆ ಮೈಕ್ ಹಾಕಲು 3.5 ಮಿಲಿಮೀಟರ್ ಜಾಕ್. ಪಿಡಿ150ಕ್ಕೆ ಎಕ್ಸ್‌ಎಲ್‌ಆರ್ ಅನ್ನುವ ಮೂರು ಪಿನ್ನಿನ ಮೈಕ್ ಕನೆಕ್ಟರ್ ಎರಡು. ಮದುವೆ ಛತ್ರದಲ್ಲಿ ಮೈಕ್ ಕೇಬಲ್ ಉದ್ದಕ್ಕೆ ಎಳೆದಿರುತ್ತಾರೆ, ಪಕ್ಕದಲ್ಲೇ ಲೈಟಿನ ಕರೆಂಟ್ ವೈರು, ಅದರಿಂದ ಗುಂಯ್ ಅನ್ನುವ ಸದ್ದು ಕೇಬಲ್‌ಗೆ ಹತ್ತಿಕೊಳ್ಳುತ್ತದೆ. ಎಕ್ಸ್‌ಎಲ್‌ಆರ್ ಆ ಗುಂಯ್ ತೆಗೆದುಹಾಕುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಮಾತನ್ನು ಬಿಟ್ಟು ಗುಂಯ್ ಮಾತ್ರ ಹೇಗೆ ಹೋಗುತ್ತದೆ?

ಮೂರು ಪಿನ್. 1 ಗ್ರೌಂಡ್, 2 ಹಾಟ್, 3 ಕೋಲ್ಡ್. ಮಾತು ಹಾಟ್‌ನಲ್ಲಿ ನೇರವಾಗಿ, ಕೋಲ್ಡ್‌ನಲ್ಲಿ ತಲೆಕೆಳಗಾಗಿ ಹೋಗುತ್ತದೆ. ಒಂದು ಗಳಿಗೆಯಲ್ಲಿ ಮಾತು ಹಾಟ್‌ನಲ್ಲಿ +5, ಕೋಲ್ಡ್‌ನಲ್ಲಿ −5 ಅಂತಿಟ್ಟುಕೊಳ್ಳಿ. ಎರಡು ವೈರೂ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಗುಂಯ್ ಎರಡಕ್ಕೂ ಸಮನಾಗಿ ಸೇರುತ್ತದೆ, +2 ಅನ್ನೋಣ. ಈಗ ಹಾಟ್ 7, ಕೋಲ್ಡ್ −3. ಕ್ಯಾಮೆರಾ ಇವನ್ನು ಕೂಡುವುದಿಲ್ಲ. ಕೂಡಿದರೆ 7 + (−3) = 4, ಅಂದರೆ ಮಾತು ಪೂರ್ತಿ ಹೋಗಿ ಗುಂಯ್ ಮಾತ್ರ ಉಳಿಯುತ್ತದೆ. ಕ್ಯಾಮೆರಾ ಹಾಟ್‌ನಿಂದ ಕೋಲ್ಡ್ ಅನ್ನು ಕಳೆಯುತ್ತದೆ. 7 − (−3) = 10. ಮಾತು ಎರಡರಷ್ಟಾಯಿತು, ಗುಂಯ್ ಸೊನ್ನೆ! ಲೆಕ್ಕ ಒಮ್ಮೆ ಪೇಪರ್ ಮೇಲೆ ಬರೆದು ನೋಡಿ, ಸುಮ್ನೆ ಓದಿದರೆ ಮರೆತುಹೋಗುತ್ತದೆ.

ಮೈಕ್ ಕೇಬಲ್‌ನಲ್ಲೇ ಮೈಕ್‌ಗೆ ಕರೆಂಟ್ ಕೊಡುವ ಫ್ಯಾಂಟಮ್ ಪವರ್ ಕೂಡ ಇದೇ ಲೆಕ್ಕದಿಂದ ಅರ್ಥವಾಗುತ್ತದೆ. ಕಂಡೆನ್ಸರ್ ಮೈಕ್‌ಗೆ ಬೇಕಾದ 48 ವೋಲ್ಟ್ ಅನ್ನು 2 ಮತ್ತು 3ನೇ ಪಿನ್ ಎರಡಕ್ಕೂ ಸಮನಾಗಿ ಕೊಡುತ್ತಾರೆ. ಕಳೆದಾಗ ಅದೂ ಸೊನ್ನೆ. ಎಷ್ಟು ಚೆಂದದ ಉಪಾಯ ನೋಡಿ.

3.5 ಜಾಕ್‌ನಲ್ಲೂ ಮೂರು ಭಾಗ ಇದೆಯಲ್ಲ ಅಂತ ಕೇಳಬಹುದು. ಇದೆ, ಆದರೆ ಸ್ಟೀರಿಯೋ ಜಾಕ್‌ನಲ್ಲಿ ಅವು ಎಡ, ಬಲ, ಗ್ರೌಂಡ್. ಹಾಟ್ ಎಡಕ್ಕೆ, ಕೋಲ್ಡ್ ಬಲಕ್ಕೆ ಹೋಗುವಂಥ ಅಡಾಪ್ಟರ್ ಹಾಕಿದರೆ ಹೆಡ್‌ಫೋನ್‌ನಲ್ಲಿ ಮಾತು ಕೇಳಿಸುತ್ತದೆ, ಆದರೆ ಒಂದೇ ಸ್ಪೀಕರ್ ಇರುವ ಫೋನಿನಲ್ಲಿ ಎಡ ಬಲ ಕೂಡಿಕೊಂಡು +5, −5 ಸೇರಿ ಮಾತೇ ಮಾಯ. ಹಾಗಾಗಿ ಅಡಾಪ್ಟರ್ ಕೊಳ್ಳುವ ಮೊದಲು ಅದರ ವೈರಿಂಗ್ ಯಾವುದು ಅಂತ ಕೇಳಿ.

ಈಗಿನ ಕ್ಯಾಮೆರಾಗಳಲ್ಲಿ

ಟೇಪ್ ಹೋಯಿತು, ಎಕ್ಸ್‌ಎಲ್‌ಆರ್ ಉಳಿಯಿತು. ಜೊತೆಗೆ ಚಿತ್ರವನ್ನು ಕೇಬಲ್‌ನಲ್ಲಿ ಹೊರಗೆ ಕಳಿಸುವ ಎಸ್‌ಡಿಐ ನೋಡಿ. ಅದರ ಬಿಎನ್‌ಸಿ ಕನೆಕ್ಟರ್ ತಿರುಗಿಸಿದರೆ ಲಾಕ್ ಆಗುತ್ತದೆ. ಮಾಮೂಲಿ ಎಚ್‌ಡಿಎಂಐ ಪಿನ್‌ಗೆ ಲಾಕ್ ಇಲ್ಲ, ಯಾರಾದರೂ ಕೇಬಲ್ ಎಡವಿದರೆ ಕಳಚಿಕೊಳ್ಳುತ್ತದೆ.

ಈಗ ಚಿತ್ರದಲ್ಲೂ ನಿಜವಾದ ವ್ಯತ್ಯಾಸವೊಂದಿದೆ, ಅದು ಬಣ್ಣದಲ್ಲಿ. ಬಣ್ಣದ ಮಾಹಿತಿ ಎಷ್ಟು ಉಳಿಸಿಕೊಳ್ಳುತ್ತದೆ ಅನ್ನುವುದಕ್ಕೆ 4:2:0, 4:2:2 ಅನ್ನುವ ಗುರುತುಗಳಿವೆ. 1920×1080 ಚಿತ್ರದಲ್ಲಿ 4:2:0 ಆದರೆ ಬಣ್ಣದ ಮಾಹಿತಿ 960×540 ಜಾಗಕ್ಕೆ ಮಾತ್ರ, 4:2:2 ಆದರೆ 960×1080ಕ್ಕೆ. ಮನೆ ಕ್ಯಾಮೆರಾಗಳ ಎವಿಸಿಎಚ್‌ಡಿ ಫಾರ್ಮ್ಯಾಟ್ 4:2:0. ಟಿವಿಯವರು ಬಳಸಿದ ಎಕ್ಸ್‌ಡಿಕ್ಯಾಮ್ ಎಚ್‌ಡಿ422 ಹೆಸರಲ್ಲೇ ಇರುವಂತೆ 4:2:2, ಸೆಕೆಂಡಿಗೆ 50 ಮೆಗಾಬಿಟ್. ಗ್ರೀನ್ ಸ್ಕ್ರೀನ್ ಮುಂದೆ ನಿಂತವರ ಕೂದಲಿನ ಅಂಚು ಕತ್ತರಿಸುವಾಗ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.